ಮುದುಕಿ ಏನಂದಳು

ಬಸ್ಸು ಶಿಡ್ಲಘಟ್ಟದ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಲ್ಲುತ್ತಿತ್ತು. ಅಷ್ಟರಲ್ಲಿ ಡ್ರೈವರು ಟೀ ಕುಡಿಯಬೇಕು, ಮೇಲಿನ ಮೂಟೆಗಳು ಇಳಿಯಬೇಕು, ಕಂಡಕ್ಟರು ರಸ್ತೆ ದಾಟಿ ಬಂದು ನಾನು ಕೆಲಸ ಮಾಡುತ್ತಿದ್ದ ಡಿಟಿಪಿ ಅಂಗಡಿಯ ಮೇಜಿನ ಮೇಲೆ ಒಂದು ರಾಜ್ಯ, ಇಬ್ಬರು ರಾಣಿಯರು, ಒಬ್ಬ ಮಂತ್ರವಾದಿ, ಸಮಯವಿದ್ದರೆ ಒಂದು ಮಾತಾಡುವ ಮೊಸಳೆ, ಇಷ್ಟನ್ನೂ ಇಟ್ಟು ಹೋಗಬೇಕು.

ಹಾಳೆಗಳೆಲ್ಲ ಹಳೇ ಟ್ರಿಪ್ ಶೀಟುಗಳು. ಮುಂಬದಿಯಲ್ಲಿ ಎಷ್ಟು ಜನ ಎಲ್ಲಿ ಹತ್ತಿದರು, ಎಲ್ಲಿ ಇಳಿದರು ಅಂತ. ಹಿಂಬದಿಯಲ್ಲಿ ಕಥೆ. ಬಸ್ಸು ಓಡುತ್ತಿರುವಾಗಲೇ ಕಂಬಕ್ಕೆ ಬೆನ್ನು ಕೊಟ್ಟು ನಿಂತು ಬರೆಯುತ್ತಿದ್ದರು. ರಸ್ತೆ ಕೆಟ್ಟಿದ್ದ ಕಡೆ ಅಕ್ಷರ ಜಿಗಿದಿರುತ್ತಿತ್ತು. ಒಂದು ವರ್ಷ ಟೈಪ್ ಮಾಡಿದ ಮೇಲೆ ನಾನು ಅಕ್ಷರ ನೋಡಿಯೇ ಇದು ಮಂಚೇನಹಳ್ಳಿ ದಾಟಿದ ಮೇಲೆ ಬರೆದದ್ದು, ಇದು ಚಿಕ್ಕಬಳ್ಳಾಪುರದ ಸಿಗ್ನಲ್ಲಿನಲ್ಲಿ ಬರೆದದ್ದು ಅಂತ ಹೇಳುತ್ತಿದ್ದೆ.

ಗೌರಿಬಿದನೂರಿನಿಂದ ಚಿಂತಾಮಣಿಗೆ, ಚಿಂತಾಮಣಿಯಿಂದ ಗೌರಿಬಿದನೂರಿಗೆ. ಖಾಸಗಿ ಬಸ್ಸು. ಅವರ ಕಥೆ ಚಿಕ್ಕಬಳ್ಳಾಪುರದ ಒಂದು ಸಣ್ಣ ವಾರಪತ್ರಿಕೆಯಲ್ಲಿ ಗುರುವಾರ ಗುರುವಾರ ಬರುತ್ತಿತ್ತು. ಕಥೆಯ ಮೇಲೆ ಅವರ ಹೆಸರು ಒಂದು ದಿನವೂ ಇರಲಿಲ್ಲ. ಟಿಕೆಟ್ ಕೊಡುವುದು ಬಿಟ್ಟು ಕಥೆ ಬರೆಯುತ್ತಾನೆ ಅಂತ ಬಸ್ಸಿನ ಮಾಲೀಕರಿಗೆ ತಿಳಿಯಬಾರದಿತ್ತು. ಮಾಲೀಕರ ಮನೆಯವರೇ ಆ ಕಥೆಗೆ ಕಾಯುತ್ತಿದ್ದರು ಅನ್ನುವುದು ಬೇರೆ ಮಾತು. ಅವರೇ ಹಾಕಿಕೊಳ್ಳದ ಹೆಸರನ್ನು ನಾನೂ ಇಲ್ಲಿ ಹಾಕುವುದಿಲ್ಲ. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ.

ಅಣ್ಣ ತೀರಿಕೊಂಡು ಇವತ್ತಿಗೆ ಒಂದು ತಿಂಗಳು. ನನ್ನ ಮದುವೆ ನಿಂತುಹೋಗಿದ್ದಾಗ ಅದನ್ನು ನಡೆಸಿಕೊಟ್ಟವರು ಅವರು. ಹೆಣ್ಣಿನ ಕಡೆಯವರ ಹಾಗೆ ಓಡಾಡಿ ನಡೆಸಿಕೊಟ್ಟದ್ದಲ್ಲ, ಕಥೆ ಬರೆದು ನಡೆಸಿಕೊಟ್ಟದ್ದು. ಅದನ್ನು ಹೇಳಬೇಕಾದರೆ ಮೊದಲು ಅವರ ಭವಿಷ್ಯವಾಣಿಗಳ ವಿಷಯ ಹೇಳಬೇಕು.

ಭವಿಷ್ಯವಾಣಿ ಇಲ್ಲದೆ ಅವರು ಯಾವ ಕಥೆಯನ್ನೂ ಶುರು ಮಾಡುತ್ತಿರಲಿಲ್ಲ. ಮೊದಲ ಕಂತಿನಲ್ಲಿ ಯಾರಾದರೂ ಬಂದು ಮುಂದೆ ಆಗುವುದನ್ನು ಹೇಳಲೇಬೇಕು. ಋಷಿ, ಕುರುಡ, ಗಿಳಿ, ಆಕಾಶದಿಂದ ಒಂದು ದನಿ, ಯಾರೂ ಸಿಗದಿದ್ದರೆ ಒಂದು ಬಾವಿ. ಒಮ್ಮೆ ನಾನು ಕೇಳಿದೆ, "ಯಾಕಣ್ಣ, ಪ್ರತಿ ಸಲ ಇದೇ? ಮುಂದೆ ಏನಾಗುತ್ತೆ ಅಂತ ಮೊದಲೇ ಹೇಳಿಬಿಟ್ರೆ ಓದೋರು ಯಾಕೆ ಓದ್ತಾರೆ?"

"ಬಸ್ಸಿಗೆ ಬೋರ್ಡ್ ಯಾಕೆ ಹಾಕ್ತಾರಮ್ಮ?" ಅಂದರು. "ಬೋರ್ಡ್ ಇಲ್ಲದ ಬಸ್ಸಿಗೆ ಜನ ಹತ್ತಲ್ಲ. ಗೌರಿಬಿದನೂರು ಅಂತ ಬೋರ್ಡ್ ಹಾಕಿದ ಮೇಲೆ ಗೌರಿಬಿದನೂರಿಗೇ ಹೋಗಬೇಕು, ತಪ್ಪಿಸೋ ಹಂಗಿಲ್ಲ. ಆದ್ರೆ ಮಧ್ಯ ಎಷ್ಟು ಕಡೆ ನಿಲ್ಲಿಸ್ತೀನಿ, ಯಾರನ್ನ ಹತ್ತಿಸ್ಕೊಂತೀನಿ, ಅದು ಬೋರ್ಡಲ್ಲಿರಲ್ಲ. ಅದಕ್ಕೇ ಅವರು ಟಿಕೆಟ್ ತಗೊಳೋದು."

ಅವರಿಗೆ ಕೆಲವು ಕಟ್ಟುನಿಟ್ಟುಗಳಿದ್ದವು. ದಕ್ಷಿಣೆ ತೆಗೆದುಕೊಳ್ಳುವವನ ಬಾಯಲ್ಲಿ ಭವಿಷ್ಯವಾಣಿ ಹಾಕಬಾರದು, ಅದು ವ್ಯಾಪಾರವಾಗುತ್ತದೆ. ರಾಕ್ಷಸನಿಗೆ ನಮ್ಮ ಕಡೆಯ ಊರುಗಳ ನೆನಪು ಬರುವಂಥ ಹೆಸರಿಡಬಾರದು, ಆ ಊರಿನವರು ಬಸ್ಸು ಹತ್ತುವುದಿಲ್ಲ. ಭವಿಷ್ಯವಾಣಿಯಲ್ಲಿ ಮೂರಕ್ಕಿಂತ ಹೆಚ್ಚು ಗುರುತು ಇರಬಾರದು. ಈ ಕೊನೆಯದನ್ನು ಅವರು ಪೆಟ್ಟು ತಿಂದು ಕಲಿತದ್ದು. ಒಂದು ಕಾದಂಬರಿಯಲ್ಲಿ ರಾಜ್ಯಕ್ಕೆ ಒಳ್ಳೇ ಕಾಲ ಬರುವ ಮೊದಲು ಆರು ಗುರುತು ಕಾಣುತ್ತವೆ ಅಂತ ಗಿಳಿಯಿಂದ ಹೇಳಿಸಿದ್ದರು. ಐದು ಕಂಡವು. ಆರನೆಯದು ಒಂದು ಕುಂಟ ನವಿಲು. ಅದನ್ನು ಮರೆತೇಬಿಟ್ಟರು. ತೊಂಡೇಬಾವಿ ಸ್ಟೇಷನ್ ಹತ್ತಿರ ಟೀ ಅಂಗಡಿ ಇಟ್ಟಿದ್ದ ಒಬ್ಬರು ಪತ್ರಿಕೆಗೆ ಫೋನ್ ಮಾಡಿ, "ನವಿಲೆಲ್ಲಿ? ನಮ್ಮ ಅಂಗಡೀಲಿ ಈ ವಿಷಯಕ್ಕೆ ಜಗಳ ಆಗಿದೆ," ಅಂದರಂತೆ. ಅಣ್ಣ ಕೊನೆಯ ಕಂತಿನಲ್ಲಿ ಪಟ್ಟಾಭಿಷೇಕದ ಮಧ್ಯೆ, "ಅಷ್ಟರಲ್ಲಿ ಒಂದು ನವಿಲು ಕುಂಟುತ್ತಾ ಅಂಗಳ ದಾಟಿತು," ಅಂತ ಒಂದು ಸಾಲು ಸೇರಿಸಿದರು. ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಯಾರಿಗೂ ಗೊತ್ತಿಲ್ಲ. ಟೀ ಅಂಗಡಿಯವರು ಒಪ್ಪಿಕೊಂಡರು.

ಅಣ್ಣನ ಹೆಂಡತಿ ಚಿಂತಾಮಣಿಯ ಮನೆಯಲ್ಲಿ ಇದ್ದರು. ಗಂಡ ಬರೆದದ್ದನ್ನು ಒಂದು ಸಾಲೂ ಓದಿದವರಲ್ಲ. ನಾನು ಒಮ್ಮೆ ಹೋದಾಗ, "ಸಾಯಂಕಾಲ ಬರ್ತಾ ಸಕ್ಕರೆ ತರ್ತೀನಿ ಅಂತ ಬೆಳಿಗ್ಗೆ ಹೇಳಿದ್ದೇ ನಿಜ ಆಗಲ್ಲ, ಇವರ ಭವಿಷ್ಯವಾಣಿ ಯಾವನು ನಂಬ್ತಾನೆ?" ಅಂದರು. ಅಣ್ಣ ಒಳಗಿನಿಂದಲೇ, "ಸಕ್ಕರೆ ಬರುತ್ತೆ ಅಂದಿದ್ದೆ, ಯಾವತ್ತು ಅಂತ ಹೇಳಿರಲಿಲ್ಲ!" ಅಂತ ಕೂಗಿದರು.

ಅಣ್ಣನ ವಿಷಲ್ಲು ಯಾವಾಗಲೂ ತುಟಿಯಲ್ಲೇ ಇರುತ್ತಿತ್ತು. ಒಳ್ಳೇ ಯೋಚನೆ ಹೊಳೆದರೆ ಉಸಿರು ಜೋರಾಗಿ ವಿಷಲ್ಲು ತಾನೇ ಕೂಗಿಬಿಡುತ್ತಿತ್ತು. ಡ್ರೈವರು ಬ್ರೇಕ್ ಹಾಕುತ್ತಿದ್ದರು. ಊರಿಲ್ಲ, ಸ್ಟಾಪಿಲ್ಲ, ಎರಡೂ ಕಡೆ ಜೋಳದ ಹೊಲ.

"ಯಾರಣ್ಣ ಇಳಿಯೋರು?"

"ಯಾರೂ ಇಲ್ಲ, ನಡಿ. ರಾಣಿ ಕಳೆದು ಹೋಗಿದ್ಲು, ಸಿಕ್ಕಳು."

ಬಸ್ಸಿನಲ್ಲಿದ್ದವರು ಬೈಯುತ್ತಿರಲಿಲ್ಲ. ಬರೆಯುವುದು ಯಾರು ಅಂತ ಮಾಲೀಕರೊಬ್ಬರನ್ನು ಬಿಟ್ಟು ದಾರಿಯ ಊರುಗಳಿಗೆಲ್ಲ ಗೊತ್ತಿತ್ತು. ನಗರಗೆರೆಯಿಂದ ಬಂದು ಗೌರಿಬಿದನೂರಿನಲ್ಲಿ ಹತ್ತುತ್ತಿದ್ದ ಒಬ್ಬ ಯಜಮಾನರು ಟಿಕೆಟ್ಟಿಗೆ ಕೈ ಚಾಚುವ ಮೊದಲು ಕೇಳುತ್ತಿದ್ದದ್ದು ಒಂದೇ, "ಏಮನ್ನಾ, ಆ ರಾಜು ಈ ವಾರಮನ್ನಾ ಚಸ್ತಾಡಾ, ಲೇದಾ?" ರಾಜ ಈ ವಾರವಾದರೂ ಸಾಯುತ್ತಾನೋ ಇಲ್ಲವೋ ಅಂತ. ಅಣ್ಣನ ಉತ್ತರವೂ ಒಂದೇ, "ಮುಂದಕ್ಕೆ ಹೋಗಿ, ಮುಂದಕ್ಕೆ."

ನನಗೆ ಆಗ ಇಪ್ಪತ್ತೇಳು ವರ್ಷ. ನನ್ನದು ಮೂಲಾ ನಕ್ಷತ್ರ. ನಮ್ಮ ಕಡೆ ಹೆಣ್ಣು ನೋಡುವವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಮೂಲಾ ನಕ್ಷತ್ರದ ಸೊಸೆ ಹೊಸಿಲು ದಾಟಿದರೆ ಮಾವ ಉಳಿಯುವುದಿಲ್ಲ ಅನ್ನುತ್ತಾರೆ. ನಾಲ್ಕು ಕಡೆಯವರು ಬಂದು ಉಪ್ಪಿಟ್ಟು ತಿಂದು ಜಾತಕ ಕೇಳಿ ಹೋದರು. ಐದನೆಯವರು ಮಂಚೇನಹಳ್ಳಿ ಹತ್ತಿರದ ಹಳ್ಳಿಯವರು. ಹುಡುಗ ಪೆರೇಸಂದ್ರದ ಪಶು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು. ನಮ್ಮ ಮನೆಯ ಎಮ್ಮೆ ಅವತ್ತು ಮೇವು ಬಿಟ್ಟಿತ್ತು. ಹೆಣ್ಣು ನೋಡುವುದಕ್ಕೆ ಬಂದವರು ಪ್ಯಾಂಟ್ ಮಡಿಸಿಕೊಂಡು ಹಿತ್ತಲಿಗೆ ಹೋಗಿ ಮೊದಲು ಎಮ್ಮೆ ನೋಡಿದರು. ನನಗೆ ಅಲ್ಲೇ ಇಷ್ಟವಾಯಿತು. ಅವರಿಗೂ ಇಷ್ಟವಾಗಿತ್ತು ಅಂತ ಆಮೇಲೆ ತಿಳಿಯಿತು. ಆದರೆ ಅವರಪ್ಪ, ಬಿಳಿ ಮೀಸೆಯ ದೊಡ್ಡ ಆಳು, ಜಾತಕದ ಹಾಳೆಯನ್ನು ಕೆಳಗಿಟ್ಟು ನಮ್ಮಪ್ಪನಿಗೆ ನೇರವಾಗಿ ಹೇಳಿದರು:

"ಹುಡುಗಿ ಬಂಗಾರ. ಸುಳ್ಳು ಹೇಳಲ್ಲ. ಆದ್ರೆ ನಂಗಿನ್ನೂ ಬದುಕಬೇಕು ಅಂತ ಆಸೆ ಇದೆಯಲ್ಲಪ್ಪ."

ಹಿಂದಿನ ನಾಲ್ವರು ಏನೇನೋ ನೆಪ ಹೇಳಿದ್ದರು. ಇವರು ನಿಜ ಹೇಳಿದರು. ಅದಕ್ಕೇ ಹೆಚ್ಚು ನೋವಾಯಿತು.

ಮಾರನೇ ದಿನ ಅಣ್ಣ ಹೊಸ ಕಾದಂಬರಿಯ ಮೊದಲ ಕಂತು ಕೊಟ್ಟು ಹೋದರು. ಅರಮನೆಯ ಬಾಗಿಲಲ್ಲಿ ಹಣ್ಣು ಮಾರುವ ಒಬ್ಬ ಮುದುಕಿ. ರಾಜ ಬರುತ್ತಾನೆ. ಮುದುಕಿ ಅವನ ಮುಖ ನೋಡುತ್ತಾಳೆ. ನಾನು, "ಮುದುಕಿ ಬಾಯಿ ತೆರೆದಳು," ಅನ್ನುವವರೆಗೂ ಟೈಪ್ ಮಾಡಿದೆ. ಅದಾದ ಮೇಲೆ ಒಂದು ಪೂರಾ ಪ್ಯಾರಾ ಭವಿಷ್ಯವಾಣಿ ಇತ್ತು. ಅದನ್ನು ನೋಡುತ್ತಿದ್ದಂತೆ ನನಗೆ ತಡೆಯದ ಸಿಟ್ಟು ಬಂತು. ಇವಳು ಯಾರು ಹೇಳುವುದಕ್ಕೆ? ಹಣ್ಣು ಮಾರುವವಳು ಹಣ್ಣು ಮಾರಲಿ. ಆ ಪ್ಯಾರಾ ಬಿಟ್ಟುಬಿಟ್ಟೆ. ಮುಂದಿನ ಸಾಲು, "ಅದನ್ನು ಕೇಳಿ ರಾಜನ ಕೈಯಲ್ಲಿದ್ದ ಖಡ್ಗ ಕೆಳಗೆ ಬಿತ್ತು." ಅಲ್ಲಿಂದ ಟೈಪ್ ಮಾಡಿ ಪತ್ರಿಕೆಗೆ ಕಳಿಸಿಬಿಟ್ಟೆ.

ಗುರುವಾರ ಅಣ್ಣ ಪತ್ರಿಕೆ ಹಿಡಿದುಕೊಂಡು ರಸ್ತೆ ದಾಟಿ ಬಂದರು.

"ಏನ್ ತಾಯಿ, ನಮ್ಮ ಮುದುಕಿ ಬಾಯಿ ತೆರೆದ್ಲು. ಆಮೇಲೆ ಹಂಗೇ ಮುಚ್ಚಿಬಿಟ್ಲಾ?"

ನಾನು ಕ್ಷಮಿಸಿ ಅನ್ನಬೇಕಿತ್ತು. ಅದರ ಬದಲು ಅತ್ತುಬಿಟ್ಟೆ. ಮೂಲಾ ನಕ್ಷತ್ರ, ಎಮ್ಮೆ, ಬಿಳಿ ಮೀಸೆ ಎಲ್ಲ ಹೇಳಿದೆ. ಅವರು ಸ್ಟೂಲಿನ ಮೇಲೆ ಕೂತರು. ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಸ್ಸಿನ ಹಾರ್ನ್ ಎರಡು ಸಲ ಆಯಿತು, ಮೂರು ಸಲ ಆಯಿತು. ಏಳುವಾಗ, "ಅತ್ತಿದ್ದು ಸಾಕು. ನಾಳೆ ಬರ್ತೀನಿ," ಅಂದರು. ಬೈಯಲಿಲ್ಲ.

ಮಾರನೇ ದಿನ ಅವರ ಮುಖವೇ ಬೇರೆ ಇತ್ತು.

"ಬಸ್ಸಲ್ಲಿ ಒಬ್ಬರೂ ಕಿಟಕಿ ಕಡೆ ನೋಡ್ತಿಲ್ಲ ಕಣಮ್ಮ! ಮುದುಕಿ ಏನಂದ್ಲು, ಮುದುಕಿ ಏನಂದ್ಲು, ಇದೇ ಮಾತು. ಆ ನಗರಗೆರೆ ಯಜಮಾನರು ರಾಜನ ಬೋರ್‌ವೆಲ್ ಬತ್ತುತ್ತೆ ಅಂದಿರ್ತಾಳೆ ಅಂತಾರೆ. ರಾಜನಿಗೆಲ್ಲಿ ಬೋರ್‌ವೆಲ್ಲು? ಒಬ್ಬರು ಮೇಡಮ್ಮು ಮಗ ಫೇಲಾಗ್ತಾನೆ ಅಂದಿರಬೇಕು ಅಂತಾರೆ. ಒಬ್ಬೊಬ್ಬರೂ ಅವರವರ ಹೆದರಿಕೆ ತಂದು ಮುದುಕಿ ಬಾಯಿಗೆ ಹಾಕ್ತಿದಾರೆ. ಇಷ್ಟು ವರ್ಷ ಬರೆದು ನಂಗೆ ಹೊಳೀದೇ ಇದ್ದಿದ್ದು ನಿನ್ನ ಸಿಟ್ಟಿಗೆ ಹೊಳೀತು."

"ಮುಂದಿನ ವಾರ ಆ ಪ್ಯಾರಾ ಸೇರಿಸಿಬಿಡ್ಲಾ ಅಣ್ಣ?"

"ಮುಟ್ಟಿದ್ರೆ ನೋಡು. ಇನ್ನು ಅವಳು ಏನಂದ್ಲು ಅಂತ ಹೇಳೋದೇ ಇಲ್ಲ." ಆಮೇಲೆ ದನಿ ಇಳಿಸಿ ಕೇಳಿದರು, "ಅದಿರ್ಲಿ, ನಿನ್ನ ಬೇಡ ಅಂದ ಗೌಡ್ರು, ಸೇವಂತಿಗೆ ಬೆಳೀತಾರಾ? ಕೊಡೆ ಮಡಿಸಿ ಕಂಕುಳಲ್ಲಿ ಇಟ್ಕೊಂಡಿರ್ತಾರಾ?"

"ಹೂಂ. ನಿಮಗೆ ಹೆಂಗೆ ಗೊತ್ತು?"

"ಅಯ್ಯೋ, ನಮ್ಮ ಬೆಳಗಿನ ಟ್ರಿಪ್ಪಿನೋರೇ! ಹೂವಿನ ಮೂಟೆ ಹಾಕ್ಕೊಂಡು ಚಿಕ್ಕಬಳ್ಳಾಪುರದ ಮಾರ್ಕೆಟ್ಟಿಗೆ ಬರ್ತಾರೆ. ನನ್ನ ಕಥೆ ಬಿಡದೆ ಓದ್ತಾರೆ." ಅವರ ಕಣ್ಣಿನಲ್ಲಿ ಬಂದ ಹೊಳಪು ನನಗೆ ಇನ್ನೂ ನೆನಪಿದೆ. ವಿಷಲ್ಲು ತುಟಿಯಲ್ಲಿತ್ತು. ಕೂಗಿತು. ರಸ್ತೆಯಾಚೆ ಡ್ರೈವರು ಟೀ ಲೋಟ ಬಿಟ್ಟು ಬಸ್ಸಿಗೆ ಓಡಿದರು.

ಆಮೇಲೆ ಪ್ರತಿದಿನ ಆ ಹತ್ತು ನಿಮಿಷದಲ್ಲಿ ನನಗೆ ವರದಿ ಬರುತ್ತಿತ್ತು. ಅಣ್ಣ ಗೌಡರ ಸೀಟಿನ ಪಕ್ಕದ ಕಂಬಕ್ಕೆ ಒರಗಿ ನಿಲ್ಲುತ್ತಿದ್ದರಂತೆ.

"ಗೌಡ್ರೆ, ನೀವು ಅನುಭವಸ್ಥರು. ಮುದುಕಿ ಏನಂದಿರಬೋದು?"

ಗೌಡರು ಮೊದಲ ದಿನ ಬರೀ ಮೀಸೆ ತಿರುವಿದರು. ಎರಡನೇ ದಿನ ಅವರೇ ಕರೆದರು. "ಕಂಡಕ್ಟ್ರೆ, ಸೊಸೆ ಬಂದ್ರೆ ನೀನು ಸಾಯ್ತೀಯ ಅಂದಿರ್ತಾಳೆ. ಖಡ್ಗ ಬೀಳಬೇಕಾದ್ರೆ ಇನ್ನೇನು ಹೇಳಿರ್ತಾಳೆ?"

"ಅಬ್ಬಾ! ಹೆಂಗೆ ಹೊಳೀತು ನಿಮಗೆ?"

"ಹೊಳೀತು," ಅಂದರಂತೆ, ಹೆಮ್ಮೆಯಿಂದ.

ಅಣ್ಣ ಬರೆದುಕೊಂಡರು. ಮುಂದಿನ ಗುರುವಾರ ಸೊಸೆಯಾಗುವವಳ ಪಲ್ಲಕ್ಕಿ ಅರಮನೆಯ ಬಾಗಿಲಿಗೆ ಬಂತು. ರಾಜ ಬಾಗಿಲು ಹಾಕಿಸಿದ. ಯಾಕೆ ಅಂತ ಕಥೆಯಲ್ಲಿ ಎಲ್ಲೂ ಇಲ್ಲ. ಬಸ್ಸಿನಲ್ಲಿ ಉಳಿದವರೆಲ್ಲ ಬೋರ್‌ವೆಲ್ಲಿಗೂ ಪಲ್ಲಕ್ಕಿಗೂ ಏನು ಸಂಬಂಧ ಅಂತ ತಲೆ ಕೆಡಿಸಿಕೊಂಡರೆ ಗೌಡರೊಬ್ಬರು ಎಲ್ಲ ತಿಳಿದವರ ಹಾಗೆ ಕೊಡೆಯ ಮೇಲೆ ಗಲ್ಲ ಊರಿ ಕೂತಿದ್ದರಂತೆ.

"ಒಂದು ಬಾಗಿಲು ಸಾಕಾ ಗೌಡ್ರೆ?"

"ಎಲ್ಲಿ ಸಾಕು? ಏಳು ಹಾಕ್ಸು."

ಏಳು ಬಾಗಿಲು ಬಂದವು.

"ಕಿಟಕಿಗೇನು ಮಾಡಣ?"

"ಇಟ್ಟಿಗೆ ಕಟ್ಟಿ ಗಾರೆ ಹಾಕ್ಸು."

ಅದರ ಮುಂದಿನ ವಾರ ರಾಜ ಕಿಟಕಿಗಳಿಗೆ ಗಾರೆ ಹಾಕಿಸಿದ. ಒಳಗೆ ಕತ್ತಲೆ. ಬೆಳಗಾಯಿತೋ ಇಲ್ಲವೋ ಅಂತ ಗೋಡೆಗೆ ಬಾಯಿಟ್ಟು ಕಾವಲುಗಾರನನ್ನು ಕೇಳಬೇಕು. ಕಾವಲುಗಾರ ತುಂಟ. ಮಧ್ಯಾಹ್ನ ಕೇಳಿದರೂ, "ಇನ್ನೂ ಇಲ್ಲ ಮಹಾಪ್ರಭು," ಅಂದುಬಿಡುತ್ತಾನೆ. ರಾಜ ಮತ್ತೆ ಮಲಗುತ್ತಾನೆ. ಅದನ್ನು ಟೈಪ್ ಮಾಡುವಾಗ ನಾನು ಎಷ್ಟೋ ದಿನದ ಮೇಲೆ ನಕ್ಕೆ. ಬಸ್ಸಿನಲ್ಲಿ ಎಲ್ಲರೂ ನಕ್ಕರಂತೆ. ನಗರಗೆರೆ ಯಜಮಾನರು, "ಏಮಯ್ಯಾ, ಈ ರಾಜುಕಿ ಬುದ್ಧಿ ಉಂದಾ?" ಅಂದರಂತೆ. ಈ ರಾಜನಿಗೆ ಬುದ್ಧಿ ಇದೆಯಾ ಅಂತ.

ಗೌಡರು ನಗಲಿಲ್ಲ. ಸಿಟ್ಟಾದರು. "ಬುದ್ಧಿ ಇಲ್ಲ ಕಂಡ್ರಿ! ಹಿಂಗೆ ಗೂಡಲ್ಲಿ ಕೂತ್ಕೊಂಡು ಇದ್ರೆಷ್ಟು ಹೋದ್ರೆಷ್ಟು?" ಅಂತ ಅಂದವರು ಅಲ್ಲಿಗೇ ನಿಲ್ಲಿಸಿದರು. ಮಾರ್ಕೆಟ್ ಹತ್ತಿರ ಇಳಿದು ಕೊಡೆ ಊರಿಕೊಂಡು ಹೊರಟುಹೋದರು. ಒಂದು ಹೂವಿನ ಮೂಟೆ ಬಸ್ಸಿನಲ್ಲೇ ಉಳಿಯಿತು.

ಅವತ್ತು ಅಣ್ಣ ಆ ಮೂಟೆಯನ್ನು ಬೆನ್ನ ಮೇಲೆ ಹೊತ್ತುಕೊಂಡು ರಸ್ತೆ ದಾಟಿದರು. "ತಗೋ. ನಿಮ್ಮ ಮಾವನ ಮನೆಯಿಂದ ಮೊದಲನೇ ಉಡುಗೊರೆ." ಅಂಗಡಿ ತುಂಬ ಸೇವಂತಿಗೆ ವಾಸನೆ. ಜೆರಾಕ್ಸ್ ಮಾಡಿಸುವುದಕ್ಕೆ ಬಂದವರೆಲ್ಲ ಇವತ್ತು ಏನು ಪೂಜೆ ಅಂತ ಕೇಳಿದರು.

ಎರಡನೇ ದಿನ ಗೌಡರು ಬಂದರು. ಕಂಡಕ್ಟರು ಇಲ್ಲಿ ಬಿಟ್ಟಿದ್ದೀನಿ ಅಂದರಂತೆ. ನನ್ನನ್ನು ನೋಡಿ ಬಾಗಿಲಲ್ಲೇ ನಿಂತರು. ನಾನು ಎದ್ದು ನಿಂತೆ.

"ಹೂವು ಬಾಡಿದೆ," ಅಂದೆ.

"ಬಾಡ್ಲಿ ಬಿಡು." ಕೊಡೆಯನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಾಯಿಸಿದರು. "ನೀನೇ ಅಲ್ವಾ ಆ ಕಥೆ ಟೈಪ್ ಮಾಡೋದು? ನಿಜ ಹೇಳಮ್ಮ. ಮುದುಕಿ ಏನಂದ್ಲು?"

ಆ ಪ್ಯಾರಾ ನನ್ನ ಡ್ರಾಯರಿನಲ್ಲೇ ಇತ್ತು. ಅದರಲ್ಲಿ ಇದ್ದದ್ದು ಅಣ್ಣ ಹಿಂದಿನ ಮೂರು ಕಾದಂಬರಿಗಳಲ್ಲಿ ಬರೆದಿದ್ದೇ, ಕಿರಿಯ ಮಗ ಸಿಂಹಾಸನ ಏರುತ್ತಾನೆ ಅಂತ. ಸೊಸೆಯ ಮಾತೇ ಇರಲಿಲ್ಲ. ಹೇಳಿಬಿಡಬಹುದಿತ್ತು.

"ನಂಗೆ ಗೊತ್ತು. ಹೇಳಲ್ಲ," ಅಂದೆ.

ಬಿಳಿ ಮೀಸೆಯ ಕೆಳಗೆ ನಗು ಬಂತು. "ಬರೋ ಭಾನುವಾರ ನಿಮ್ಮಪ್ಪ ಮನೇಲಿರ್ತಾರಾ?"

ಕಾದಂಬರಿ ಅದಾದ ಎರಡು ವಾರಕ್ಕೆ ಮುಗಿಯಿತು. ರಾಜ ಒಂದು ದಿನ ಒಂದು ಇಟ್ಟಿಗೆ ಕಿತ್ತು ಹೊರಗೆ ನೋಡುತ್ತಾನೆ. ಪಲ್ಲಕ್ಕಿ ಇನ್ನೂ ಬಾಗಿಲಲ್ಲೇ ಇದೆ. ಅವನು ಗೋಡೆ ಒಡೆದುಕೊಂಡು ಹೊರಗೆ ಬರುತ್ತಾನೆ. ಕೊನೆಯ ಸಾಲು: "ಮುಂದೆ ರಾಜನೂ ಒಂದು ದಿನ ಸತ್ತ, ಎಲ್ಲ ರಾಜರ ಹಾಗೆ. ಅದು ಯಾವ ದಿನ ಅಂತ ಯಾರೂ ಬರೆದಿಡಲಿಲ್ಲ." ಬೋರ್‌ವೆಲ್ ವಿಷಯ ಏನಾಯಿತು ಅಂತ ನಗರಗೆರೆ ಯಜಮಾನರು ಬಹಳ ದಿನ ಕೇಳುತ್ತಿದ್ದರಂತೆ.

ನನ್ನ ಮದುವೆಯ ದಿನ ಮಾವನವರು ಧಾರೆಗೆ ಮೊದಲು ಬಿ.ಪಿ. ನೋಡಿಸಿಕೊಂಡು ಬಂದು ಆ ಚೀಟಿಯನ್ನು ಅಣ್ಣನಿಗೆ ತೋರಿಸಿದರು. ಅಣ್ಣ ಅದನ್ನು ಟಿಕೆಟ್ ನೋಡುವ ಹಾಗೆ ಹಿಂದೆ ಮುಂದೆ ತಿರುಗಿಸಿ, "ಸರಿಯಾಗಿದೆ, ಕೂತ್ಕೊಳ್ಳಿ," ಅಂದರು. ಒಂದು ವರ್ಷದ ಒಳಗೆ ಮಾವ ಹೂವಿನ ತೋಟದ ಕಾಲುವೆಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ನೆಂಟರೆಲ್ಲ ನನ್ನ ಕಡೆ ನೋಡಿದರು. ಯಾರೂ ಏನೂ ಅನ್ನಲಿಲ್ಲ, ಆದರೆ ನೋಡಿದರು. ಅಣ್ಣ ಮೂಸಂಬಿ ಹಿಡಿದುಕೊಂಡು ಬಂದರು. ತುಂಬಿದ ಮನೆಯಲ್ಲಿ ನಿಂತು ಗಟ್ಟಿಯಾಗಿ ಹೇಳಿದರು, "ಶಾಸ್ತ್ರದಲ್ಲಿ ಪ್ರಾಣ ಅಂತಿದೆ, ಕಾಲು ಅಂತ ಎಲ್ಲಿದೆ? ಗೌಡ್ರೆ, ಇದು ನಮ್ಮ ಕಥೇದಲ್ಲ. ಯಾರದೋ ಬೇರೆ ಕಥೇದು, ತಪ್ಪಿ ನಿಮ್ಮ ಮನೆಗೆ ಬಂದಿದೆ." ಮಾವ ಕಟ್ಟಿನ ಕಾಲು ಹಿಡಿದುಕೊಂಡು ನಕ್ಕರು. ನೆಂಟರೂ ನಗಬೇಕಾಯಿತು. ಆಮೇಲೆ ಆ ಮನೆಯಲ್ಲಿ ಯಾರೂ ನನ್ನನ್ನು ಹಾಗೆ ನೋಡಲಿಲ್ಲ.

ಅಣ್ಣನಿಗೂ ಮಾವನಿಗೂ ಆಮೇಲೆ ಬಿಡಲಾರದ ಸ್ನೇಹ. ಅಣ್ಣ ಬಿಡುವಿನ ದಿನ ಮಂಚೇನಹಳ್ಳಿಗೆ ಪ್ರಯಾಣಿಕನಾಗಿ ಬರುತ್ತಿದ್ದರು. ತಮ್ಮದೇ ಬಸ್ಸಿನಲ್ಲಿ ಕೂತು ಬರುವುದು ಅವರಿಗೆ ಆಗುತ್ತಿರಲಿಲ್ಲವಂತೆ, ನಿಂತೇ ಬರುತ್ತಿದ್ದರು. ಇಬ್ಬರೂ ತೋಟದಲ್ಲಿ ಕೂತು ಏನೋ ಮಾತಾಡಿಕೊಂಡು ನಗುತ್ತಿದ್ದರು. ನಾನು ಹತ್ತಿರ ಹೋದರೆ ಸುಮ್ಮನಾಗುತ್ತಿದ್ದರು. ಗಂಡಸರ ಮಾತು ಅಂತ ನಾನು ಕಾಫಿ ಇಟ್ಟು ಬರುತ್ತಿದ್ದೆ. ಅಣ್ಣ ಹೊರಡುವಾಗ ಮಾತ್ರ ಮಾವನ ಬೆನ್ನ ಹಿಂದೆ ನನಗೊಂದು ಕಣ್ಣು ಹೊಡೆದು ಹೋಗುತ್ತಿದ್ದರು. ನಾವಿಬ್ಬರೂ ಸೇರಿ ಅವರಿಗೆ ಮಾಡಿದ ಮೋಸದ ಗುಟ್ಟು ಅದು. ಅಷ್ಟು ಒಳ್ಳೇ ಮನುಷ್ಯನಿಗೆ ಹಾಗೆ ಮಾಡಿದೆವಲ್ಲ ಅಂತ ನನಗೆ ಆಗಾಗ ಒಳಗೊಳಗೇ ಚುಚ್ಚುತ್ತಿತ್ತು.

ಮೂರು ವರ್ಷದ ಹಿಂದೆ ಆ ಬಸ್ಸು ನಿಂತಿತು. ಅಣ್ಣ ಮನೆಯಲ್ಲಿ ಕೂತರು. ನಿಂತ ನೆಲದ ಮೇಲೆ ಬರೆಯುವುದಕ್ಕೆ ಬರುವುದಿಲ್ಲ ಅನ್ನುತ್ತಿದ್ದರು. ಹೋದ ವರ್ಷ ಕಿಡ್ನಿ ಕೆಟ್ಟಿದೆ ಅಂತ ಗೊತ್ತಾಯಿತು. ಡಯಾಲಿಸಿಸ್‌ಗೆ ದೇಹ ತಡೆಯುತ್ತಿರಲಿಲ್ಲ. ಡಾಕ್ಟರು ಆರು ತಿಂಗಳು ಅಂದರು. ನಾನೂ ಮಾವನೂ ನೋಡುವುದಕ್ಕೆ ಚಿಂತಾಮಣಿಗೆ ಹೋದೆವು.

"ಏನಮ್ಮಾ ಇದು?" ಅಂದರು ಅಣ್ಣ, ಆ ಡಾಕ್ಟರು ಬರೆದದ್ದನ್ನು ಟೈಪ್ ಮಾಡಿದವಳು ನಾನೇ ಅನ್ನುವ ಹಾಗೆ. "ಆರು ತಿಂಗಳು ಅಂತೆ. ಒಂದು ತಿರುವಿಲ್ಲ, ಏನಿಲ್ಲ. ನಾನಾಗಿದ್ರೆ ಹಿಂಗೆ ಬರೀತಿರಲಿಲ್ಲ."

"ಫೀಸ್ ತಗೊಂಡು ಹೇಳಿದ್ದಲ್ವಾ ಅಣ್ಣ? ನಿಮ್ಮ ಲೆಕ್ಕದ ಪ್ರಕಾರ ಅದು ಭವಿಷ್ಯವಾಣೀನೇ ಅಲ್ಲ."

"ಆಹಾ! ಇಷ್ಟು ವರ್ಷ ಟೈಪ್ ಮಾಡಿದ್ದಕ್ಕೂ ಸಾರ್ಥಕ ಆಯ್ತು," ಅಂತ ನಕ್ಕರು. ನಗುವುದಕ್ಕೆ ಅವರಿಗೆ ಕಷ್ಟವಾಗುತ್ತಿತ್ತು.

ನಾನು ತಿರುವಿಗೆ ಕಾದೆ. ಇದನ್ನು ಬರೆಯುವುದಕ್ಕೆ ನಾಚಿಕೆ ಇಲ್ಲ. ಅವರ ಹನ್ನೊಂದು ಕಾದಂಬರಿ ಟೈಪ್ ಮಾಡಿದ್ದೆ. ಮೊದಲು ಹೇಳಿದ್ದು ಮಧ್ಯೆ ಒಂದು ತಿರುವಿಲ್ಲದೆ ಆದದ್ದು ಒಂದರಲ್ಲೂ ಇಲ್ಲ. ನಾಲ್ಕನೇ ತಿಂಗಳಲ್ಲಿ ಚೆನ್ನಾಗಿ ಊಟ ಮಾಡಿದರು ಅಂತ ಅವರ ಹೆಂಡತಿ ಫೋನ್ ಮಾಡಿದಾಗ, ಇಗೋ ಬಂತು ಅಂದುಕೊಂಡೆ. ಐದನೇ ತಿಂಗಳಲ್ಲಿ ಬೀದಿಯ ಕೊನೆಯವರೆಗೂ ನಡೆದುಕೊಂಡು ಹೋಗಿ ಬಂದರಂತೆ. ಆರನೇ ತಿಂಗಳ ಕೊನೆಯ ವಾರ, ಬೆಳಿಗ್ಗೆ ಒಂಬತ್ತೂವರೆಗೆ, ಹೋದರು. ಡಾಕ್ಟರು ಹೇಳಿದ ಹಾಗೇ. ನೇರವಾಗಿ. ಎಲ್ಲೂ ನಿಲ್ಲಿಸದೆ.

ಹನ್ನೊಂದನೇ ದಿನದ ಕಾರ್ಯ ಮುಗಿಸಿಕೊಂಡು ಬಂದ ಮೇಲೆ ಮಾವನವರು ಎರಡು ದಿನ ತೋಟಕ್ಕೆ ಹೋಗಲಿಲ್ಲ. ಅವರಿಗೆ ಈಗ ಎಂಬತ್ತು ದಾಟಿದೆ. ಮೂರನೇ ದಿನ ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ. ಮುದ್ದೆ, ಅವರೆಕಾಳಿನ ಹುಳಿ. ಬಡಿಸುತ್ತಾ ನನಗೆ ಇನ್ನು ತಡೆಯಲಾಗಲಿಲ್ಲ. ಗುಟ್ಟು ಇಟ್ಟುಕೊಳ್ಳುವುದಕ್ಕೆ ಜೊತೆಗಾರರೇ ಇಲ್ಲದ ಮೇಲೆ ಅದನ್ನು ಒಬ್ಬಳೇ ಹೊರುವುದು ಹೇಗೆ?

"ಮಾವ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ಗಾರೆ ಹಾಕ್ಸಿದ ರಾಜ ಇದ್ದನಲ್ಲ, ಅದು ನೀವೇ. ಅಣ್ಣ ಬೇಕಂತಲೇ ಬರೆದ್ರು. ನಂಗೂ ಗೊತ್ತಿತ್ತು."

ಮಾವ ಮುದ್ದೆ ಮುರಿಯುತ್ತಿದ್ದವರು ತಲೆ ಎತ್ತಲಿಲ್ಲ. "ಗೊತ್ತು," ಅಂದರು.

"ಏನು ಗೊತ್ತು?"

"ಅದೇ. ನಾನು ಬಾಯಲ್ಲಿ ಆಡಿದ್ದು ಮುಂದಿನ ಗುರುವಾರ ಹಂಗಂಗೇ ಅಚ್ಚಾಗಿ ಬಂದ್ರೆ ಗೊತ್ತಾಗಲ್ವೇನಮ್ಮ? ಅಷ್ಟು ದಡ್ಡನಾ ನಾನು? ಏಳು ಬಾಗಿಲಿನ ವಾರಕ್ಕೇ ಗೊತ್ತಾಯ್ತು. ಅವನೂ ಕಂಡ್ಕೊಂಡ. 'ನಿಲ್ಲಿಸಿಬಿಡ್ಲಾ ಗೌಡ್ರೆ?' ಅಂದ. ಬೇಡ, ನಡೀಲಿ, ಕಿಟಕಿ ಒಂದು ಉಳಿದಿದೆ ಅಂದೆ."

ನನ್ನ ಕೈಯಲ್ಲಿ ಸೌಟು ಹಾಗೇ ನಿಂತಿತು. "ನಂಗೆ ಯಾಕೆ ಅಣ್ಣ ಹೇಳಲಿಲ್ಲ?"

"ಹೇಳಬೇಡ ಅಂದಿದ್ದು ನಾನೇ. ನಿಮ್ಮ ಮನೇಲಿ, ನಾಲ್ಕು ಜನ ನೆಂಟರ ಮುಂದೆ, ಆಗಲ್ಲ ಅಂದು ಎದ್ದು ಬಂದಿದ್ದೆ. ಮನೆಗೆ ಬಂದ್ರೆ ಮಗ ಮಾತು ಬಿಟ್ಟ. ಆಗಲಿ ಅನ್ನಬೇಕು ಅಂತ ನಂಗೂ ಇತ್ತು. ಹೆಂಗೆ ಅನ್ನೋದು? ಹತ್ತಿ ಕೂತಾಗಿದೆ, ಇಳಿಯೋಕೆ ಒಂದು ಕಡೆ ನಿಲ್ಲಿಸಬೇಕಲ್ಲ. ಅವನು ನಿಲ್ಲಿಸ್ದ." ಇನ್ನೊಂದು ಚೂರು ಮುದ್ದೆ ಮುರಿದು ಅಂದರು, "ಇಷ್ಟು ವರ್ಷ ಅವನು ನಿಂಗೆ ಕಣ್ಣು ಹೊಡೆದು ಹೋಗ್ತಿದ್ನಲ್ಲ, ತಿರುಗಿ ನಂಗೂ ಒಂದು ಹೊಡೀತಿದ್ದ. ಕಳ್ಳ."

ತೋಟದಲ್ಲಿ ಕೂತು ಅವರಿಬ್ಬರೂ ನಕ್ಕದ್ದು ಯಾರನ್ನು ನೋಡಿ ಅಂತ ನನಗೆ ಆಗ ತಿಳಿಯಿತು. ಅಳುವೂ ಬಂತು, ನಗುವೂ ಬಂತು. ಯಾವುದು ಮೊದಲು ಬಂತೋ ಹೇಳಲಾರೆ.

"ಹಂಗಾದ್ರೆ ಹೆದರಿಕೆ ಅವಾಗಲೇ ಹೋಗಿತ್ತಾ ಮಾವ?"

"ಎಲ್ಲಿ ಹೋಗುತ್ತೆ?" ಅಂದರು. "ಹನ್ನೆರಡು ವರ್ಷ ಆಯ್ತು ನಿನ್ನ ಕೈಯೂಟ ಉಂಡು. ಇವತ್ತಿಗೂ ಮೊದಲನೇ ತುತ್ತು ಹೆದರ್ಕೊಂಡೇ ನುಂಗ್ತೀನಿ."

"ಎರಡನೇದು?"

"ಎರಡನೇದು ಹಸಿವಿಗೆ. ನಿಂತ್ಕೊಂಡು ಏನು ನೋಡ್ತೀಯ, ಹುಳಿ ಬಿಡು."